ಒಂದೇ ಫೈಲಿಗೆ ಎರಡು ಅಳತೆ

ಬೇಗೂರಿನ ನಾಗೇಶ್ವರ ದೇವಸ್ಥಾನದ ಆವರಣದಲ್ಲಿ ಗಂಗರ ಕಾಲದ ಒಂದು ಶಾಸನವಿದೆ. ಕ್ರಿ.ಶ. 890ರ ಆಸುಪಾಸಿನದು. ಬೆಂಗಳೂರಿನ ಹೆಸರು ಸಿಕ್ಕಿರುವ ಅತಿ ಹಳೆಯ ಬರಹ ಇದೇ ಎಂದು ಪ್ರಸಿದ್ಧವಾಗಿದೆ. ಬೆಂಗಳೂರಿನಲ್ಲಿ ನಡೆದ ಕಾಳಗವೊಂದರ ನೆನಪಿಗೆ ಬರೆಸಿದ್ದು. ಇಂಥ ಕಲ್ಲೊಂದನ್ನು ಫೋನಿಗೆ ಇಳಿಸಿಕೊಂಡರೆ ಎಷ್ಟು ಜಾಗ ಹಿಡಿದೀತು?

ಬರೀ ಅಕ್ಷರಗಳಾಗಿ ಬಂದರೆ ಹೆಚ್ಚೇನಿಲ್ಲ. ಈಗ ಎಲ್ಲೆಡೆ ಬಳಕೆಯಲ್ಲಿರುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್ ಬೇಕು. ‘ಬೇಗೂರು’ ಎಂದು ಬರೆದರೆ ಬ, ಗ, ರ ಎಂಬ ಮೂರು ವ್ಯಂಜನ, ಅವಕ್ಕೆ ಹತ್ತಿಕೊಂಡ ಮೂರು ಸ್ವರಚಿಹ್ನೆ, ಒಟ್ಟು 18 ಬೈಟ್. ಇಂಗ್ಲಿಷ್ ಅಕ್ಷರಗಳಲ್ಲಾದರೆ ಐದೇ ಬೈಟಿಗೆ ಮುಗಿಯಿತು. ಕಣ್ಣಿಗೆ ಒಂದೇ ಅಕ್ಷರವಾಗಿ ಕಾಣುವ ‘ಕ್ಷ’ ಒಳಗೊಳಗೇ ಒಂಬತ್ತು ಬೈಟ್ ನುಂಗಿರುತ್ತದೆ. ಆದರೂ ಇಡೀ ಶಾಸನದ ಪಾಠ ಕೆಲವೇ ಸಾವಿರ ಬೈಟಿನೊಳಗೆ ಬರುತ್ತದೆ.

ಕಲ್ಲನ್ನೇ ಇಳಿಸಿಕೊಳ್ಳುವುದು ಬೇರೆ ವಿಷಯ. ಮಿಥಿಕ್ ಸೊಸೈಟಿ ಎಂಬ ಸಂಸ್ಥೆಯವರು ಬೆಂಗಳೂರು ಸುತ್ತಮುತ್ತಲ ಶಾಸನಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡಿ ಉಳಿಸುವ ಕೆಲಸಕ್ಕೆ ಕೈಹಾಕಿದ್ದಾರೆ. ಇಂಥ ಸ್ಕ್ಯಾನಿನಲ್ಲಿ ಕಲ್ಲಿನ ಮೈಯೆಲ್ಲ ಸಣ್ಣ ಸಣ್ಣ ತ್ರಿಕೋನಗಳಾಗುತ್ತದೆ. ಎಸ್‌ಟಿಎಲ್ ಎಂಬ ಮಾದರಿಯ ಬೈನರಿ ಫೈಲಿನಲ್ಲಿ ಒಂದು ತ್ರಿಕೋನಕ್ಕೆ 50 ಬೈಟ್, ಫೈಲಿನ ತಲೆಗೆ ಬೇರೆ 84 ಬೈಟ್. ಒಂದು ಕಲ್ಲಿಗೆ ಹತ್ತು ಲಕ್ಷ ತ್ರಿಕೋನ ಎಂದಿಟ್ಟುಕೊಂಡರೆ ಫೈಲಿನ ಗಾತ್ರ 5,00,00,084 ಬೈಟ್. ಇಷ್ಟು ಉದ್ದದ ಸಂಖ್ಯೆಯನ್ನು ಪರದೆಯ ಮೇಲೆ ಯಾರೂ ಓದುವುದಿಲ್ಲ. ಹಾಗಾಗಿ ಪ್ರತಿ ಆ್ಯಪ್‌ನಲ್ಲೂ ಹತ್ತಿಪ್ಪತ್ತು ಸಾಲಿನ ಒಂದು ಪುಟ್ಟ ಕೋಡ್ ಕೂತು ಇದನ್ನು ಕೆಬಿ, ಎಂಬಿ, ಜಿಬಿಗೆ ಇಳಿಸುತ್ತಿರುತ್ತದೆ.

ಮಾಡಬೇಕಾದ್ದು ಭಾಗಾಕಾರ, ಅಷ್ಟೇ. ಆದರೆ ಯಾವುದರಿಂದ ಭಾಗಿಸಬೇಕು? ಆಂಡ್ರಾಯ್ಡ್ 7ರವರೆಗೆ ಆ ವ್ಯವಸ್ಥೆಯದೇ ಸಿದ್ಧ ಕೋಡ್ 1024ರಿಂದ ಭಾಗಿಸುತ್ತಿತ್ತು. 2017ರಲ್ಲಿ ಬಂದ ಆಂಡ್ರಾಯ್ಡ್ 8ರಿಂದ 1000ದಿಂದ ಭಾಗಿಸುತ್ತಿದೆ. ನಮ್ಮ ಕಲ್ಲಿನ ಫೈಲು ಹಳೆಯ ಫೋನಿನಲ್ಲಿ 47.68 ಎಂಬಿ, ಹೊಸದರಲ್ಲಿ 50.00 ಎಂಬಿ. ಒಂದು ಬೈಟೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಹಳೇ ಮೈಸೂರಿನ ಅಂಗಡಿಗಳಲ್ಲಿ ಕಚ್ಚಾ ಸೇರು, ಪಕ್ಕಾ ಸೇರು ಎಂದು ಎರಡಿದ್ದವಲ್ಲ, ಹಾಗೆ. ಅಲ್ಲಿ ಕಚ್ಚಾನೋ ಪಕ್ಕಾನೋ ಎಂದು ಕೇಳುವುದಾದರೂ ಇತ್ತು. ಫೋನು ಕೇಳುವುದೂ ಇಲ್ಲ, ಹೇಳುವುದೂ ಇಲ್ಲ.

1024 ಎಂಬ ಸಂಖ್ಯೆ ಹುಟ್ಟಿದ್ದು ಮೆಮೊರಿ ಚಿಪ್ಪಿನಲ್ಲಿ. ಒಂದೊಂದು ವಿಳಾಸ ತಂತಿಗೂ ಸೊನ್ನೆ ಅಥವಾ ಒಂದು ಎಂಬ ಎರಡೇ ಸ್ಥಿತಿ. ಹತ್ತು ತಂತಿ ಇದ್ದರೆ 1024 ಮನೆಗಳನ್ನು ಗುರುತಿಸಬಹುದು. ಸಾವಿರಕ್ಕೆ ಹತ್ತಿರವಾಯಿತಲ್ಲ ಎಂದು ಅದನ್ನೇ ಕಿಲೋ ಎಂದರು. ಕಿಲೋದಲ್ಲಿ ವ್ಯತ್ಯಾಸ ನೂರಕ್ಕೆ 2.4, ಯಾರಿಗೂ ನೋವಿಲ್ಲ. ಗಿಗಾಕ್ಕೆ ಬರುವಷ್ಟರಲ್ಲಿ 100 ಕೋಟಿ ಬೈಟ್ ಆಗಬೇಕಾದ್ದು 107 ಕೋಟಿ ದಾಟುತ್ತದೆ. ಟೆರಾದಲ್ಲಿ ವ್ಯತ್ಯಾಸ ನೂರಕ್ಕೆ ಹತ್ತರ ಹತ್ತಿರ. ಫೋನಿನ ಡಬ್ಬದ ಮೇಲೆ 8 ಜಿಬಿ ರ‍್ಯಾಮ್, 128 ಜಿಬಿ ಸ್ಟೋರೇಜ್ ಎಂದು ಅಕ್ಕಪಕ್ಕ ಅಚ್ಚಾಗಿರುತ್ತದೆ. ಮೊದಲನೆಯ ಜಿಬಿ 1024ರ ಲೆಕ್ಕದ್ದು, ಎರಡನೆಯದು 1000ದ ಲೆಕ್ಕದ್ದು. ಅದೇ 128 ಜಿಬಿಯನ್ನು 1024ರ ಕಣ್ಣಿನಿಂದ ನೋಡಿದರೆ 119. ಅಂಗಡಿಯವನು ಮೋಸ ಮಾಡಿದ ಎಂದು ಜಗಳಕ್ಕೆ ಹೋಗುವವರು ಸಾಮಾನ್ಯವಾಗಿ ಇಲ್ಲೇ ಎಡವುವುದು. ಇವೆರಡನ್ನೂ ಮೀರಿಸಿದ್ದು ಹಳೆಯ 1.44 ಎಂಬಿ ಫ್ಲಾಪಿ. ಅದರಲ್ಲಿದ್ದದ್ದು 14,74,560 ಬೈಟ್. ಅಂದರೆ ಒಮ್ಮೆ 1024ರಿಂದ, ಇನ್ನೊಮ್ಮೆ 1000ದಿಂದ ಭಾಗಿಸಿದರೆ ಮಾತ್ರ 1.44 ಬರುತ್ತದೆ! ಯಾರ ತಲೆಗೆ ಹೊಳೆಯಿತೋ.

1998ರಲ್ಲಿ ಅಂತಾರಾಷ್ಟ್ರೀಯ ವಿದ್ಯುತ್ ತಂತ್ರಜ್ಞಾನ ಆಯೋಗ 1024ರ ಲೆಕ್ಕಕ್ಕೆ ಕಿಬಿ, ಮೆಬಿ, ಗಿಬಿ ಎಂದು ಬೇರೆ ಹೆಸರು ಕೊಟ್ಟಿತು. ಎಂಜಿನಿಯರುಗಳ ಹೊರಗೆ ಯಾರ ಬಾಯಲ್ಲೂ ಅವು ಕೂರಲಿಲ್ಲ.

ಭಾಗಿಸುವ ಸಂಖ್ಯೆ ನಿಶ್ಚಯವಾದ ಮೇಲೂ ಒಂದು ಹಳ್ಳವಿದೆ. ಆಂಡ್ರಿಯಾಸ್ ಲುಂಡ್‌ಬ್ಲಾಡ್ ಎಂಬ ಪ್ರೋಗ್ರಾಮರ್ 2010ರಲ್ಲಿ ಬರೆದ ಇಂಥದೇ ಪುಟ್ಟ ಜಾವಾ ಕೋಡನ್ನು ಸಾವಿರಾರು ಕಡೆ ನಕಲು ಮಾಡಿಕೊಂಡರು. ಅದಕ್ಕೆ 9,99,999 ಬೈಟ್ ಕೊಟ್ಟರೆ 1.0 ಎಂಬಿ ಎನ್ನುವ ಬದಲು 1000.0 ಕೆಬಿ ಎನ್ನುತ್ತಿತ್ತು. ಸಂಖ್ಯೆ ಹತ್ತು ಲಕ್ಷ ಮುಟ್ಟಿಲ್ಲವಾದ್ದರಿಂದ ಮೊದಲು ಕೆಬಿ ಎಂದು ತೀರ್ಮಾನಿಸಿಬಿಡುತ್ತದೆ; ಆಮೇಲೆ 999.999 ಅನ್ನು ಒಂದು ದಶಾಂಶಕ್ಕೆ ಸರಿಮಾಡಹೋಗಿ ಸಾವಿರಕ್ಕೆ ಏರಿಸುತ್ತದೆ. ತಪ್ಪನ್ನು 2019ರಲ್ಲಿ ಅವರೇ ಬಯಲಿಗಿಟ್ಟರು.

ಆಂಡ್ರಾಯ್ಡಿನ ಕೋಡ್ ಇಲ್ಲಿ ಜಾಣತನ ತೋರಿಸಿದೆ. ಸಾವಿರದವರೆಗೆ ಕಾಯದೆ 900 ದಾಟಿದೊಡನೆ ಮುಂದಿನ ಮಾನಕ್ಕೆ ಹಾರುತ್ತದೆ. 9,50,000 ಬೈಟ್ ಅಲ್ಲಿ 0.95 ಎಂಬಿ. ನೂರಕ್ಕಿಂತ ದೊಡ್ಡ ಸಂಖ್ಯೆ ಬಂದರೆ ದಶಾಂಶವನ್ನೇ ಕೈಬಿಡುತ್ತದೆ. ಹೀಗೆ ಪರದೆಯ ಮೇಲೆ ಕಾಣುವ ಅಂಕಿಯಲ್ಲಿ ಅಳತೆಯಷ್ಟೇ ಪಾಲು ಯಾರೋ ಕೂತು ಮಾಡಿದ ಆಯ್ಕೆಗೂ ಇದೆ. ನನ್ನನ್ನು ಕೇಳಿದರೆ ಫೈಲುಗಳಿಗೆ 1000ವೇ ಸರಿ. ಲಕ್ಷ ಕೋಟಿಗಳಲ್ಲಿ ಎಣಿಸುವ ನಮಗಂತೂ ಸೊನ್ನೆ ಸೇರಿಸಿದರೆ ಸಾಕು.

ಇನ್ನು ಇಂಟರ್‌ನೆಟ್ ವೇಗದ ಲೆಕ್ಕ ಬಿಟ್‌ಗಳಲ್ಲಿ, ಎಂಟು ಬಿಟ್‌ಗೆ ಒಂದು ಬೈಟ್. 50 ಎಂಬಿಯ ಆ ಕಲ್ಲು 100 ಮೆಗಾಬಿಟ್ ಲೈನಿನಲ್ಲಿ ಅರ್ಧ ಸೆಕೆಂಡಿಗೆ ಇಳಿಯುವುದಿಲ್ಲ. ಲೈನು ಪೂರ್ತಿ ವೇಗದಲ್ಲಿ ಓಡಿದರೂ ನಾಲ್ಕು ಸೆಕೆಂಡು ಬೇಕು.