ಬಿಗಿದದ್ದು ಸಡಿಲದಿರಲು

ಹಾವೇರಿ ಜಿಲ್ಲೆಯ ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕುಗಳಲ್ಲಿ ಗೋವಿನಜೋಳದ ತೆನೆ ಬಲಿತು ರಾಶಿ ಯಂತ್ರಗಳ ಸದ್ದು ಹೊಲಹೊಲಗಳಿಂದ ಕೇಳಿಬರತೊಡಗಿದಾಗ, ಅಲ್ಲಿಯ ಪೇಟೆಗಳಲ್ಲಿಯೂ ಪುಣೆ–ಬೆಂಗಳೂರು ಹೆದ್ದಾರಿಯ ಮಗ್ಗುಲಲ್ಲಿಯೂ ಇರತಕ್ಕ ಸಣ್ಣ ವರ್ಕ್‌ಶಾಪುಗಳ ಫಿಟ್ಟರುಗಳಿಗೆ ಬಿಡುವೆಂಬುದು ದುರ್ಲಭವಾಗುತ್ತದೆ. ಮುರಿದುದನ್ನು ಬೆಸೆಯುವುದು ಅವರ ವಿದ್ಯೆಯ ಒಂದು ಭಾಗವಾದರೆ, ಬಿಗಿದುದು ಕಾಲಕ್ಕೆ ಮುನ್ನ ಸಡಿಲದಂತೆ ಬಂಧಿಸುವುದು ಅದಕ್ಕಿಂತ ಸೂಕ್ಷ್ಮವೂ, ನೋಡುವವರ ಕಣ್ಣಿಗೆ ಅಷ್ಟಾಗಿ ಬೀಳದುದೂ ಆದ ಇನ್ನೊಂದು ಭಾಗ.

ಈ ವಿದ್ಯೆ ಈ ನೆಲಕ್ಕೆ ಹೊಸತಲ್ಲ. ಎತ್ತಿನ ಬಂಡಿಯ ಗಾಲಿ ಅಚ್ಚಿನಿಂದ ಜಾರದಂತೆ ತುದಿಯಲ್ಲಿ ತೊಡಿಸುವ ಕಡಾಣಿ, ಹೇರಿನ ಭಾರವನ್ನು ತಾನು ಹೊರದೆ, ಭಾರ ಹೊತ್ತ ಗಾಲಿಯನ್ನು ಅದರ ಸ್ಥಾನದಲ್ಲಿಯೇ ನಿಲ್ಲಿಸುತ್ತಿತ್ತು. ಬೇಕೆಂದಾಗ ಕಿತ್ತು ಗಾಲಿಯನ್ನು ಬಿಚ್ಚಲೂ ಬರುತ್ತಿತ್ತು. ಇಂದು ಟ್ರಾಕ್ಟರಿನ ಮುಂಗಾಲಿಯ ಬೇರಿಂಗನ್ನು ಹಿಡಿದಿಡುವ, ಕೋಟೆಯ ತೆನೆಯಂತೆ ಕಚ್ಚುಗಳಿರುವ ನಟ್ಟಿಗೆ ಅಡ್ಡಲಾಗಿ ತೂರಿಸುವ ಕಾಟರ್ ಪಿನ್ನು ಆ ಕಡಾಣಿಯ ವಂಶದ್ದೇ. ಬಲ್ಲ ಫಿಟ್ಟರನು ಬೇರಿಂಗು ಸಲೀಸಾಗಿ ತಿರುಗುವಷ್ಟು ಅವಕಾಶವಿಟ್ಟು, ನಟ್ಟಿನ ಕಚ್ಚನ್ನು ಅಚ್ಚಿನ ರಂಧ್ರಕ್ಕೆ ಸರಿಹೊಂದಿಸಿ, ಹೊಸ ಪಿನ್ನನ್ನೇ ತೊಡಿಸಿ, ಅದರ ಕವಲುಗಳನ್ನು ಬಾಗಿಸುತ್ತಾನೆ. ಒಮ್ಮೆ ಬಾಗಿ ನೆಟ್ಟಗಾದ ಹಳೆಯ ಪಿನ್ನು ನಂಬಿಕೆಗೆ ಅರ್ಹವಲ್ಲವೆಂಬುದನ್ನು ಅವನು ಅರಿತಿರುತ್ತಾನೆ.

ಬಿಗಿದ ನಟ್ಟು ತಾನಾಗಿ ಏಕೆ ತಿರುಗಬೇಕು? ಪಾನಾ ಹಾಕಿ ತಿರುಗಿಸುವ ಬಲದಲ್ಲಿ ಸುಮಾರು ಹತ್ತರಲ್ಲೊಂದು ಪಾಲು ಮಾತ್ರ ಬೋಲ್ಟನ್ನು ಹಿಗ್ಗಿಸಿ ಬಿಗಿತವಾಗುತ್ತದೆ. ಉಳಿದುದೆಲ್ಲ ಘರ್ಷಣೆಯನ್ನು ಗೆಲ್ಲುವುದರಲ್ಲಿಯೇ ವ್ಯಯವಾಗುತ್ತದೆ. ಆ ಘರ್ಷಣೆಯೇ ಬಳಿಕ ನಟ್ಟನ್ನು ಕಾಯುತ್ತದೆ. ಆದರೆ ರಾಶಿ ಯಂತ್ರದ ಜರಡಿಯಂತೆ ಹಿಂದುಮುಂದಾಗಿ ಅಲುಗಾಡುವ ಭಾಗಗಳಲ್ಲಿ, ಕೂಡಿಸಿದ ಎರಡು ಪಟ್ಟಿಗಳು ಒಂದರ ಮೇಲೊಂದು ಕೂದಲೆಳೆಯಷ್ಟು ಜಾರಿದರೂ ಘರ್ಷಣೆಯ ಹಿಡಿತ ಆ ಕ್ಷಣಕ್ಕೆ ಕುಂದಿ, ನಟ್ಟು ಅಣುಅಣುವಾಗಿ ಹಿಂದಕ್ಕೆ ತಿರುಗುತ್ತದೆ. ಈ ಅಡ್ಡ ಅಲುಗಾಟವೇ ಮುಖ್ಯ ಶತ್ರುವೆಂಬುದನ್ನು ಜರ್ಮನಿಯ ಎಂಜಿನಿಯರ್ ಗೆರ್ಹಾರ್ಡ್ ಯುಂಕರ್ 1969ರಲ್ಲಿ ಪ್ರಯೋಗದಿಂದ ತೋರಿಸಿಕೊಟ್ಟನು. ಎಲ್ಲೆಡೆ ಬಳಕೆಯಲ್ಲಿರುವ ಸ್ಪ್ರಿಂಗ್ ವಾಷರು ಇಂಥ ಪರೀಕ್ಷೆಯಲ್ಲಿ ಹೆಚ್ಚು ಹೊತ್ತು ನಿಲ್ಲಲಾರದು. ಎರಡು ನಟ್ಟುಗಳ ಕ್ರಮ ಅದಕ್ಕಿಂತ ಮೇಲು. ಆದರೆ ತೆಳುವಾದ ಚೆಕ್ ನಟ್ಟು ಕೆಳಗೆ, ದಪ್ಪನೆಯದು ಮೇಲೆ ಇರಬೇಕು. ಕೊನೆಗೆ ಭಾರವನ್ನು ಹೊರುವುದು ಮೇಲಿನ ನಟ್ಟೇ ಆದುದರಿಂದ, ಹಲವೆಡೆ ಕಾಣುವ ತದ್ವಿರುದ್ಧ ಜೋಡಣೆ ಆ ಕ್ರಮದ ಬಲವನ್ನೇ ಕುಗ್ಗಿಸುತ್ತದೆ.

ಇನ್ನು ಅಂಟಿನ ಮಾತು. ಅಮೆರಿಕದ ಹಾರ್ಟ್‌ಫರ್ಡ್ ನಗರದ ಟ್ರಿನಿಟಿ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಪ್ರಾಧ್ಯಾಪಕನಾಗಿದ್ದ ವರ್ನನ್ ಕ್ರೀಬಲ್ 1953ರಲ್ಲಿ ಸಿದ್ಧಪಡಿಸಿದ ದ್ರವವೇ ಲಾಕ್‌ಟೈಟ್ ಎಂಬ ಹೆಸರಿನಿಂದ ಜಗತ್ಪ್ರಸಿದ್ಧವಾಯಿತು. ಗಾಳಿಯ ಸಂಪರ್ಕವಿರುವತನಕ ನೀರಾಗಿಯೇ ಇದ್ದು, ಲೋಹದ ಸುತ್ತುಗಳ ನಡುವೆ ಗಾಳಿಯಿಲ್ಲದ ಇಕ್ಕಟ್ಟಿಗೆ ಸಿಕ್ಕೊಡನೆ ಗಟ್ಟಿಯಾಗುವುದು ಅದರ ವಿಶೇಷ; ಅದರ ಶೀಸೆಯನ್ನು ಪೂರ್ತಿ ತುಂಬದೆ ಗಾಳಿಗೆ ಎಡೆಯಿಡುವುದೂ ಇದೇ ಕಾರಣಕ್ಕಾಗಿ. ನೀಲಿ ಬಣ್ಣದ್ದು ಪಾನಾದಿಂದಲೇ ಬಿಚ್ಚಬರುವಂಥದು. ಕೆಂಪು ಬಣ್ಣದ್ದನ್ನು ಬಿಚ್ಚಲು ಸಾಮಾನ್ಯವಾಗಿ ಸುಮಾರು 250 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಬೇಕು. ಗ್ರೀಸು, ಹೊಟ್ಟು, ಧೂಳು ಮೆತ್ತಿದ ಬೋಲ್ಟಿಗೆ ಮಾತ್ರ ಅದು ಹಿಡಿಯದು. ಮೊದಲು ಶುದ್ಧಿ, ಅನಂತರ ಅಂಟು.

ಆದರೆ ಉಷ್ಣವೆಂಬ ಇನ್ನೊಂದು ಶತ್ರುವಿದೆ. ಅಂಥ ಸಾಮಾನ್ಯ ಅಂಟುಗಳ ತಾಳಿಕೆಗೆ 150 ಡಿಗ್ರಿಯ ಸುಮಾರಿಗೆ ಎಲ್ಲೆ ಬರುವುದರಿಂದ, ಎಂಜಿನ್ನಿನ ಹೊಗೆಕೊಳವೆಯ ಬುಡದಲ್ಲಿ ಅವು ವ್ಯರ್ಥ. ಅಲ್ಲಿ ಪೂರ್ತಿ ಲೋಹದ, ಸ್ವತಃ ಕಚ್ಚಿ ಹಿಡಿಯುವ ನಟ್ಟೇ ಬೇಕು. ಈ ಸಮಸ್ಯೆಯ ಅತ್ಯುಗ್ರ ರೂಪವನ್ನು ಕಾಣುವುದು ರೈಫಲ್ಲಿನ ನಳಿಗೆಯ ಬಾಯಿಯಲ್ಲಿ. ಅಲ್ಲಿ ತಿರುಪಿ ಕೂಡಿಸುವ, ಜ್ವಾಲೆಯನ್ನು ಮರೆಮಾಡುವ ಅಥವಾ ಹಿಂದೊದೆತವನ್ನು ತಗ್ಗಿಸುವ ಸಾಧನಕ್ಕೆ ಆಘಾತವೂ ಉಷ್ಣವೂ ಏಕಕಾಲಕ್ಕೆ ತಗಲುತ್ತವೆ. ಸಾಧನವು ನಿಯತ ದಿಕ್ಕಿಗೆ ಬಂದು ಬಿಗಿಯಾಗಿ ನಿಲ್ಲುವಂತೆ ಅಮುಕಿಕೊಳ್ಳುವ ವಾಷರನ್ನೋ ತೆಳು ತಗಡಿನ ಬಿಲ್ಲೆಗಳನ್ನೋ ಇಡುತ್ತಾರೆ. ದೀರ್ಘಕಾಲ ಗುಂಡು ಹಾರಿಸುವ ಶಸ್ತ್ರಗಳಿಗೆ, ಸಾವಿರ ಡಿಗ್ರಿಯ ಆಸುಪಾಸಿನ ಕಾವನ್ನು ತಾಳಿಯೂ ನೀರಿನಲ್ಲಿ ನೆನೆಯಿಟ್ಟರೆ ಮೆತ್ತಗಾಗುವ ಸೆರಾಮಿಕ್ ಜಾತಿಯ ಅಂಟನ್ನು ಬಳಸುವುದುಂಟು. ನಮ್ಮ ದೇಶದಲ್ಲಿ 1959ರ ಶಸ್ತ್ರಾಸ್ತ್ರ ಅಧಿನಿಯಮದಂತೆ ಬಂದೂಕುಗಳ ದುರಸ್ತಿಯ ವ್ಯವಹಾರ ಪರವಾನಗಿ ಪಡೆದವರಿಗೇ ಮೀಸಲಾದುದು. ಹಳ್ಳಿಯ ಫಿಟ್ಟರನಿಗೆ ಅದರಿಂದ ಸಲ್ಲತಕ್ಕುದು ಅದರ ಹಿಂದಿನ ವಿಚಾರಸರಣಿ ಮಾತ್ರ.

ಆ ವಿಚಾರಸರಣಿಯಾದರೋ ಮೂರು ಪ್ರಶ್ನೆಗಳಲ್ಲಿ ಅಡಗಿದೆ: ಈ ಕೂಡುಗೆ ಎಷ್ಟು ಅಲುಗುತ್ತದೆ, ಎಷ್ಟು ಕಾಯುತ್ತದೆ, ಮತ್ತೆ ಯಾವಾಗ ಬಿಚ್ಚಬೇಕಾಗುತ್ತದೆ? ಮೂರನೆಯ ಪ್ರಶ್ನೆಯನ್ನು ಮರೆತವನ ಬಿಗಿತ ಮುಂದೊಂದು ದಿನ ಬೋಲ್ಟಿನ ತಲೆಯನ್ನು ಗ್ಯಾಸಿನಿಂದ ಕತ್ತರಿಸುವುದರಲ್ಲಿ ಮುಗಿಯುತ್ತದೆ. ಐಟಿಐಗಳಲ್ಲಿ ಫಿಟ್ಟರ್ ವಿದ್ಯೆ ಕಲಿಯುವ ತರುಣರಿಗೆ ಪಾನಾದ ಬಳಕೆಯೊಂದಿಗೆ ಈ ವಿವೇಚನೆಯನ್ನೂ ಕಲಿಸುವುದಾದರೆ, ರಾಶಿಯ ಕಾಲದಲ್ಲಿ ಯಂತ್ರ ನಿಂತು ರೈತನ ಕೂಲಿಯೂ ಕಾಳೂ ಹಾಳಾಗುವ ಪ್ರಸಂಗಗಳು ಎಷ್ಟೋ ತಗ್ಗುವುವು. ಯಂತ್ರದ ಒಡೆಯನೂ ಮೊದಲ ದಿನದ ದುಡಿಮೆ ಮುಗಿದೊಡನೆ, ಎಂಜಿನ್ನನ್ನು ನಿಲ್ಲಿಸಿ, ಜರಡಿಯ ಬೋಲ್ಟುಗಳನ್ನು ಒಂದೊಂದಾಗಿ ಪರೀಕ್ಷಿಸುವ ನಿಯಮವನ್ನು ಇಟ್ಟುಕೊಳ್ಳಬೇಕು.