ವೈಫೈ ದೋಷದ ಸುದ್ದಿ: ಎಷ್ಟು ಹೆದರಬೇಕು?

ಬೆಳೆಯಲ್ಲಿ ಒಂದು ಹುಳು ಕಂಡೊಡನೆ ಔಷಧಿ ಸಿಂಪಡಿಸಬಾರದೆಂಬುದು ರೈತ ಬಾಂಧವರಿಗೆ ತಿಳಿದ ವಿಷಯ. ಕೀಟದ ಸಂಖ್ಯೆ ಆರ್ಥಿಕ ನಷ್ಟದ ಮಟ್ಟ ಮುಟ್ಟಿದೆಯೇ ಎಂದು ನೋಡಿ, ಅನಂತರ ಹತೋಟಿ ಕ್ರಮ ಕೈಗೊಳ್ಳಬೇಕು. ವೈಫೈಯಲ್ಲಿ ದೋಷ ಕಂಡುಬಂದಿದೆಯೆಂಬ ಸುದ್ದಿಯನ್ನೂ ಹೀಗೆಯೇ ಅಳೆಯಬಹುದು. ಈಗ ಹಳ್ಳಿಯ ಮನೆಗಳಿಗೂ ವೈಫೈ ಬಂದಿದೆ. ಅದೇ ಫೋನಿನಲ್ಲಿ ಬ್ಯಾಂಕಿನ ವ್ಯವಹಾರವೂ ನಡೆಯುತ್ತದೆ.

2017ರ ಅಕ್ಟೋಬರಿನಲ್ಲಿ ಬೆಲ್ಜಿಯಂ ದೇಶದ ಲೂವೆನ್ ವಿಶ್ವವಿದ್ಯಾನಿಲಯದ ಮ್ಯಾಥಿ ವಾನ್‌ಹೂಫ್ ಎಂಬ ಸಂಶೋಧಕರು 'ಕ್ರ್ಯಾಕ್' ಎಂಬ ದೋಷವನ್ನು ಪ್ರಕಟಿಸಿದರು. ಫೋನೂ ರೌಟರೂ ಕೂಡಿಕೊಳ್ಳುವಾಗ ಒಂದು ಗುಪ್ತ ಕೀಲಿಯನ್ನು ಒಪ್ಪಿಕೊಳ್ಳುತ್ತವೆ. ಒಮ್ಮೆ ಬಳಸಿದ ಕೀಲಿಯನ್ನೇ ಫೋನು ಹೊಸದೆಂದು ಮತ್ತೆ ಬಳಸುವಂತೆ ಮೋಸ ಮಾಡಬಹುದೆಂದು ಅವರು ತೋರಿಸಿದರು. ಎಲ್ಲೆಡೆ ಬಳಕೆಯಲ್ಲಿದ್ದ ಡಬ್ಲ್ಯೂಪಿಎ2 ಎಂಬ ಕಾವಲಿನಲ್ಲೇ ಈ ದೋಷವಿದ್ದುದರಿಂದ ಬಹಳ ಗಾಬರಿಯಾಯಿತು. ಆದರೆ ಮೋಸಗಾರನು ಆ ವೈಫೈ ಅಲೆ ಸಿಗುವಷ್ಟು ಹತ್ತಿರದಲ್ಲಿರಬೇಕು. ಪಾಸ್‌ವರ್ಡ್ ಅವನ ಕೈಗೆ ಸಿಗುವುದಿಲ್ಲ. ಬ್ಯಾಂಕಿನ ಆಪ್ ಸಾಮಾನ್ಯವಾಗಿ ತನ್ನದೇ ಬೇರೆ ಬೀಗ ಹಾಕಿರುತ್ತದೆ. ಹಲವು ತಯಾರಕರು ದುರಸ್ತಿಯನ್ನೂ ಬೇಗನೆ ಕೊಟ್ಟರು. 2021ರ ಮೇ ತಿಂಗಳಲ್ಲಿ ಅದೇ ಸಂಶೋಧಕರು ಪ್ರಕಟಿಸಿದ 'ಫ್ರಾಗ್ ಅಟ್ಯಾಕ್ಸ್' ದೋಷಗಳ ಕಥೆಯೂ ಬಹುಮಟ್ಟಿಗೆ ಇಷ್ಟೆ.

ಹಾಗೆಂದು ಎಲ್ಲ ಸುದ್ದಿಯೂ ಹುಸಿಯಲ್ಲ. ಡಬ್ಲ್ಯೂಇಪಿ ಎಂಬ ಹಳೆಯ ಕಾವಲು 2001ರಲ್ಲೇ ಮುರಿಯಿತು. ಅದನ್ನು ಕೈಬಿಡದೆ ಗತಿಯಿರಲಿಲ್ಲ.

ತೋಟದ ನಡುವೆ ಒಂಟಿ ಮನೆಯಿದ್ದರೆ, ಅಲೆ ಹಿಡಿಯಲು ಕಳ್ಳನು ನಿಮ್ಮ ಬೇಲಿಯ ಬಳಿಗಾದರೂ ಬರಬೇಕು. ಬಂದರೆ ನಾಯಿ ಸುಮ್ಮನಿರುವುದಿಲ್ಲ. ಮೈಸೂರು ನಗರದ ವಿಷಯ ಬೇರೆ. ಬಂಡೀಪಾಳ್ಯದ ಮಾರುಕಟ್ಟೆಗೆ ಮಾಲು ತಂದು ರಾತ್ರಿ ಲಾಡ್ಜಿನಲ್ಲಿ ತಂಗುವಾಗ, ಬಸ್ ನಿಲ್ದಾಣದಲ್ಲಿ ಕಾಯುವಾಗ ಸುತ್ತಲೂ ಅಪರಿಚಿತರೇ. 'ಉಚಿತ ವೈಫೈ' ಎಂದು ಹೆಸರಿಟ್ಟು ಯಾರು ಬೇಕಾದರೂ ಬಲೆ ಬೀಸಬಹುದು. ಅದಕ್ಕೆ ವಿಜ್ಞಾನಿಗಳು ಕಂಡುಹಿಡಿದ ಯಾವ ದೋಷವೂ ಬೇಕಿಲ್ಲ. ಅಂತಹ ಕಡೆ ಹಣದ ವ್ಯವಹಾರಕ್ಕೆ ನಿಮ್ಮ ಸಿಮ್ಮಿನ ಡೇಟಾವನ್ನೇ ಬಳಸತಕ್ಕದ್ದು.

ನನ್ನ ಅಭಿಪ್ರಾಯದಲ್ಲಿ ರೈತನು ಹೆಚ್ಚು ಅಂಜಬೇಕಾದುದು ಪಿಎಂ ಕಿಸಾನ್ ಹೆಸರಿನಲ್ಲಿ ವಾಟ್ಸಾಪಿಗೆ ಬರುವ ನಕಲಿ ಎಪಿಕೆ ಫೈಲಿಗೆ, ಬ್ಯಾಂಕಿನವರೆಂದು ಹೇಳಿಕೊಂಡು ಒಟಿಪಿ ಕೇಳುವವರಿಗೆ. ರೌಟರ್ ಎಷ್ಟೇ ಭದ್ರವಾಗಿದ್ದರೂ ಇವನ್ನು ತಡೆಯಲಾರದು. ಹಣ ಹೋದುದು ತಿಳಿದೊಡನೆ 1930 ಸಂಖ್ಯೆಗೆ ಕರೆ ಮಾಡಿರಿ.

ಮನೆಯ ರೌಟರಿನಲ್ಲಿ ಡಬ್ಲ್ಯೂಪಿಎ2 ಅಥವಾ ಡಬ್ಲ್ಯೂಪಿಎ3 ಇದೆಯೇ ಎಂದು ಹಾಕಿಕೊಟ್ಟವರಿಂದಲೇ ನೋಡಿಸಿ, ಅದರ ಜೊತೆ ಬಂದ ಪಾಸ್‌ವರ್ಡನ್ನು ಬದಲಾಯಿಸಿರಿ. ಆದರೆ ಕ್ರ್ಯಾಕ್ ದೋಷಕ್ಕೆ ಪಾಸ್‌ವರ್ಡ್ ಬದಲಾವಣೆ ಮದ್ದಾಗಿರಲಿಲ್ಲ, ಅಪ್‌ಡೇಟೇ ಮದ್ದು. ಆದುದರಿಂದ ಫೋನು ಅಪ್‌ಡೇಟ್ ಕೇಳಿದಾಗ ನಾಳೆಗೆಂದು ತಳ್ಳಬೇಡಿರಿ. ತೀರ ಹಳೆಯ ಫೋನಿಗೆ ತಯಾರಕರು ಅಪ್‌ಡೇಟ್ ಕೊಡುವುದನ್ನೇ ನಿಲ್ಲಿಸಿರುತ್ತಾರೆ. ಅಂತಹುದನ್ನು ಹಾಡು ಕೇಳಲು ಇಟ್ಟುಕೊಳ್ಳಿರಿ. ಬ್ಯಾಂಕಿನ ಆಪ್ ಅದರಲ್ಲಿ ಬೇಡ.