ಬೆಂಕಿ ಆರಿಸುವ ಗಾಡಿಗೂ ವಯಸ್ಸಾಗುತ್ತದೆ

ಬಿಸಿಲು ಏರತೊಡಗಿತೆಂದರೆ ರೂಪನಗುಡಿ, ಕುರುಗೋಡು, ಸಿರುಗುಪ್ಪ ಸುತ್ತಲಿನ ಎರೆನಾಡಿನಲ್ಲಿ ರೈತನ ಕಣ್ಣು ಬಣವೆಯ ಮೇಲೆಯೇ. ಒಣಗಿದ ಮೇವು, ಬಿಡಿಸಿಟ್ಟ ಹತ್ತಿ, ಕಣದಲ್ಲಿ ಹರವಿದ ಮೆಣಸಿನಕಾಯಿ. ಇವುಗಳಿಗೆ ಬೀಡಿಯ ಒಂದು ತುಂಡು ಸಾಕು! ಕಿಡಿ ಹೊತ್ತಿದ ಮೇಲೆ ಕೊಡ ಹಿಡಿದವರೆಲ್ಲ ನೋಡುವುದು ರಸ್ತೆಯ ಕಡೆಗೆ: ಕೆಂಪು ಗಾಡಿ ಬಂತೇ?

ಗಾಡಿ ಗಂಟೆಗೆ 60 ಕಿ.ಮೀ. ವೇಗದಲ್ಲಿ ಓಡಿದರೆ 10 ಕಿ.ಮೀ.ಗೆ 10 ನಿಮಿಷ. ಎಂಜಿನ್ ಏದುಸಿರು ಬಿಟ್ಟು ವೇಗ 30ಕ್ಕಿಳಿದರೆ 20 ನಿಮಿಷ. ಅಷ್ಟರಲ್ಲಿ ಬಣವೆ ಬೂದಿ.

ಅಗ್ನಿಶಾಮಕ ವಾಹನ ಮುದಿಯಾಗುವ ರೀತಿಯೇ ಬೇರೆ. ಮೀಟರಿನಲ್ಲಿ ಓಡಿದ ಕಿಲೋಮೀಟರು ಕಡಿಮೆಯಿರುತ್ತದೆ. ಅದನ್ನು ನೋಡಿ ‘ಇನ್ನೂ ಹೊಸದೇ’ ಎನ್ನುವವರುಂಟು. ಆದರೆ ಪಂಪು ತಿರುಗುವುದು ಅದೇ ಎಂಜಿನ್ನಿನ ಬಲದಿಂದ. ಗಾಡಿ ನಿಂತಲ್ಲೇ ನಿಂತು ಗಂಟೆಗಟ್ಟಲೆ ದುಡಿಯುತ್ತದೆ. ಮೀಟರು ಮಾತ್ರ ಅಲುಗುವುದಿಲ್ಲ. ಭಾರತೀಯ ಮಾನಕದ ‘ಬಿ’ ಮಾದರಿ ವಾಟರ್ ಟೆಂಡರಿನ ತೊಟ್ಟಿ ಹಿಡಿಸುವುದು 4,500 ಲೀಟರ್, ಅಂದರೆ ನಾಲ್ಕೂವರೆ ಟನ್ ನೀರು. ಠಾಣೆಯಲ್ಲಿ ನಿಂತಾಗಲೂ ಗಾಡಿ ಆ ಹೊರೆ ಹೊತ್ತೇ ಇರಬೇಕು. ಕಮಾನುಪಟ್ಟಿ ಜಗ್ಗುತ್ತದೆ, ಓಡದಿದ್ದರೂ ಟೈರಿನ ರಬ್ಬರು ಬಿರಿಯುತ್ತದೆ, ಹಳೆಯ ಕಬ್ಬಿಣದ ತೊಟ್ಟಿ ಒಳಗಿನಿಂದ ತುಕ್ಕು ಹಿಡಿಯುತ್ತದೆ.

ಇನ್ನು ಪಂಪು. ಈ ಮಾದರಿಯ ಪಂಪು ನಿಮಿಷಕ್ಕೆ 1,800 ಲೀಟರ್ ನೀರು ಚಿಮ್ಮಬೇಕು. ಪೂರ್ತಿ ಬಲದಿಂದ ಬಿಟ್ಟರೆ ತೊಟ್ಟಿ ಎರಡೂವರೆ ನಿಮಿಷದಲ್ಲಿ ಖಾಲಿ! ಆಮೇಲೆ ಕಾಲುವೆಗೋ ಬಾವಿಗೋ ಕೊಳವೆ ಇಳಿಸಿ ನೀರೆತ್ತಬೇಕು. ನೀರನ್ನು ‘ಎಳೆಯುವುದು’ ಪಂಪಲ್ಲ. ಕೊಳವೆಯೊಳಗಿನ ಗಾಳಿಯನ್ನು ಹೊರಹಾಕಿದಾಗ ಹೊರಗಿನ ವಾಯುಭಾರವೇ ನೀರನ್ನು ಮೇಲಕ್ಕೆ ನೂಕುತ್ತದೆ. ಎಳನೀರು ಹೀರುವ ಸ್ಟ್ರಾದಲ್ಲಿ ತೂತು ಬಿದ್ದರೆ ಏನಾಗುತ್ತದೆಂದು ಮಕ್ಕಳಿಗೂ ಗೊತ್ತು: ಬಾಯಿಗೆ ಗಾಳಿ ಬರುತ್ತದೆ, ನೀರಲ್ಲ. ಪಂಪಿನ ಗ್ರಂಥಿ, ವಾಷರುಗಳು ಸವೆದ ಗಾಡಿಯ ಗತಿಯೂ ಅಷ್ಟೆ. ಎಲ್ಲ ಸರಿಯಿದ್ದರೂ ಏಳು ಮೀಟರಿಗಿಂತ ಆಳದ ನೀರು ಅದಕ್ಕೆ ಎಟುಕುವುದು ಕಷ್ಟ. ತುಂಗಭದ್ರಾ ಕಾಲುವೆಯಲ್ಲಿ ಬೇಸಿಗೆಗೆ ನೀರು ನಿಲ್ಲುತ್ತದೆ, ಬಾವಿಯ ಮಟ್ಟ ಇಳಿಯುತ್ತದೆ. ಬಣವೆಗೆ ಬೆಂಕಿ ಬೀಳುವುದೂ ಆಗಲೇ.

ಹಳೆಯ ಗಾಡಿಯನ್ನು ಏನು ಮಾಡಬೇಕು? 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಕೇಂದ್ರದ ನಿಯಮದಂತೆ 15 ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿ ನವೀಕರಣವಾಗುವುದಿಲ್ಲ. ರಕ್ಷಣೆ, ಕಾನೂನು ಸುವ್ಯವಸ್ಥೆ, ಆಂತರಿಕ ಭದ್ರತೆಯ ವಿಶೇಷ ವಾಹನಗಳಿಗೆ ವಿನಾಯಿತಿ ಇದೆ. ಅಗ್ನಿಶಾಮಕ ವಾಹನವನ್ನು ಅದರಲ್ಲಿ ಹೆಸರಿಸಿಲ್ಲ. ಹೊಗೆಯುಗುಳುವ ಲಾರಿಗೆ ಹಾಕಿದ ಅಳತೆಗೋಲನ್ನೇ ಬೆಂಕಿ ಆರಿಸುವ ಗಾಡಿಗೂ ಹಾಕಿದ್ದು ಎಷ್ಟು ಸರಿ ಎಂಬ ಪ್ರಶ್ನೆ ಉಳಿದೇ ಇದೆ. ಆದರೆ ಬ್ರೇಕು ಹಿಡಿಯದ ಗಾಡಿಗೆ ನಾಲ್ಕೂವರೆ ಟನ್ ನೀರು ತುಂಬಿ, ಆರು ಜನರನ್ನು ಕೂರಿಸಿ ಓಡಿಸುವುದೂ ಧೈರ್ಯವಲ್ಲ, ಹುಚ್ಚುತನ.

ನಡುವಿನ ದಾರಿಯೂ ಒಂದುಂಟು. ತೊಟ್ಟಿ, ಪಂಪು ಗಟ್ಟಿಯಾಗಿದ್ದರೆ ಅವನ್ನು ಬಿಚ್ಚಿ, ಸವೆದ ಭಾಗ ಬದಲಿಸಿ ಹೊಸ ಚಾಸಿಯ ಮೇಲೆ ಕೂರಿಸುವುದು. ಖರ್ಚು ಉಳಿಯುತ್ತದೆ. ತೊಟ್ಟಿ ತುಕ್ಕು ಹಿಡಿದಿದ್ದರೆ ಆ ಆಸೆ ಬಿಡಬೇಕು. ಹಳೆಯ ಚಾಸಿಗೆ ಕೆಂಪು ಬಣ್ಣ ಬಳಿದು ‘ನವೀಕರಣ’ ಎನ್ನುವುದಂತೂ ಲೆಕ್ಕಕ್ಕೆ ಬಾರದು.

ರಾಜ್ಯಗಳ ಅಗ್ನಿಶಾಮಕ ಸೇವೆಯ ಆಧುನೀಕರಣಕ್ಕೆಂದು ಕೇಂದ್ರ ಸರ್ಕಾರ 2023ರಲ್ಲಿ 5,000 ಕೋಟಿ ರೂಪಾಯಿಯ ಯೋಜನೆ ತಂದಿತು. ಅದೇ ವರ್ಷ ಬೆಂಗಳೂರಿಗೆ 90 ಮೀಟರ್ ಎತ್ತರಕ್ಕೆ ಚಾಚುವ ಏಣಿಯ ವಾಹನ ಬಂತು. ಬಹುಮಹಡಿಗಳ ಊರಿಗೆ ಅದು ಬೇಕೇ ಬೇಕು. ರೂಪನಗುಡಿಯ ಬಣವೆಗೆ ಏಣಿ ಏಕೆ? ಇಲ್ಲಿಗೆ ಬೇಕಾದುದು ಓಣಿಯೊಳಗೆ ತೂರುವ ಚಿಕ್ಕ ಗಾಡಿ, ಹೊತ್ತೊಯ್ದು ಬಾವಿಗಟ್ಟೆಯಲ್ಲಿ ಇಡಬಹುದಾದ ಪಂಪು.

ಗಾಡಿ ಹಳೆಯದಿರಲಿ ಹೊಸದಿರಲಿ, ಒಂದು ಪರೀಕ್ಷೆ ಸುಲಭ. ಪಂಪಿನ ಬಾಯಿಗಳನ್ನೆಲ್ಲ ಮುಚ್ಚಿ ಒಳಗಿನ ಗಾಳಿ ತೆಗೆದು, ನಿರ್ವಾತ ಮಾಪಕದ ಮುಳ್ಳನ್ನು ನೋಡುವುದು. ಮುಳ್ಳು ನಿಂತರೆ ಪಂಪು ನಂಬಿಕಸ್ಥ. ಸರಸರನೆ ಇಳಿದರೆ ಎಲ್ಲೋ ಸೋರಿಕೆ. ಇದಕ್ಕೆ ತೊಟ್ಟಿಯ ಒಂದು ಹನಿ ನೀರೂ ಬೇಡ, ಕೆಲವೇ ನಿಮಿಷ ಸಾಕು. ಕಾಲುವೆ ಬತ್ತುವ ಮೊದಲು, ಮಾಗಿಯಲ್ಲೇ ಮಾಡಿದರೆ ವಾಷರು ಬದಲಿಸಲು ಸಮಯವೂ ಸಿಗುತ್ತದೆ.